ಯಾವ ಮೇಳ ದೊಡ್ಡದು?

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ನಡೆಯುವುದು ನಮ್ಮ ತೂಬಗೆರೆ ಹೋಬಳಿಯಲ್ಲೇ. ಜಾತ್ರೆ ಮುಗಿಸಿ ಬಂದ ಹುಡುಗರು ಕೂತಲ್ಲೆಲ್ಲ ಒಂದೇ ಜಗಳ: ಯಾವ ಮೇಳ ದೊಡ್ಡದು? ಒಬ್ಬ ನಾಗಸ್ವರದವರು ಅಂತಾನೆ, ಇನ್ನೊಬ್ಬ ಭಜನೆ ಮೇಳ ಅಂತಾನೆ, ಕಾಲೇಜು ಕಲಿತವನು ಬೀಟಲ್ಸ್ ಅಂತಾನೆ. ತಮಟೆಯವರ ಹೆಸರನ್ನು ಯಾರೂ ಎತ್ತೋದಿಲ್ಲ. ನಮ್ಮ ಕೇರಿಯ ಹುಡುಗರೂ ಎತ್ತೋದಿಲ್ಲ. ಈ ಮೌನಕ್ಕೆ ಒಂದು ಚರಿತ್ರೆಯಿದೆ.

ದೊಡ್ಡದು ಸಣ್ಣದು ಅಂತ ಅಳೆದವರು ಯಾರು? ಬೆಂಗಳೂರಿನಲ್ಲಿ 1905ರಲ್ಲಿ ಗಾಯನ ಸಮಾಜ ಹುಟ್ಟಿತು, ಮದರಾಸಿನಲ್ಲಿ 1928ರಲ್ಲಿ ಮ್ಯೂಸಿಕ್ ಅಕಾಡೆಮಿ. ವೇದಿಕೆ, ಕುರ್ಚಿ, ಟಿಕೆಟ್ಟು, ಬಿರುದು ಎಲ್ಲ ಅಲ್ಲಿದ್ದವು. ತಮಟೆಗೆ ಸಭೆಯಿರಲಿಲ್ಲ, ಬೀದಿಯಿತ್ತು. ಹುಲ್ಲಿನ ಉರಿಗೆ ಚರ್ಮ ಕಾಯಿಸಿ, ಒಂದು ಕೈಲಿ ದಪ್ಪ ಕಡ್ಡಿ, ಇನ್ನೊಂದು ಕೈಲಿ ಸಣ್ಣ ಕಡ್ಡಿ ಹಿಡಿದು, ಮಾರಿಗೊಂದು, ಮದುವೆಗೊಂದು, ಸಾವಿಗೊಂದು ಗತ್ತು ಬಡಿಯುವ ವಿದ್ಯೆಯನ್ನು ಊರು ವಿದ್ಯೆ ಅನ್ನಲಿಲ್ಲ, ಚಾಕರಿ ಅಂದಿತು. ದೇವರು ಹೊರಡಲು ತಮಟೆ ಬೇಕು. ದೇವರು ಗುಡಿ ಸೇರಿದ ಮೇಲೆ ತಮಟೆಯವನು ಹೊರಗೆ. ಕೇರಿಯ ಅಜ್ಜ ಒಬ್ಬರು ನಮಗೆ ಹೇಳಿದ್ದು ಇಷ್ಟೆ: "ನಾನು ಬಡಿದೆ, ಊರೆಲ್ಲ ಕುಣೀತು ಕಣ್ರಪ್ಪ. ಬಾಯಾರಿ ನೀರು ಕೇಳಿದ್ರೆ ಮೇಲಿಂದ ಹುಯ್ದರು."

ಹಾಗಾಗಿ ತಮಟೆಯನ್ನು ಬಿಡುವುದೇ ಮೊದಲ ಬಂಡಾಯವಾಯಿತು. 1927ರಲ್ಲಿ ಮಹಾಡದಲ್ಲಿ ಅಂಬೇಡ್ಕರರು ಸತ್ತ ದನದ ಮಾಂಸ ಬಿಡಿ, ಹೀನ ಚಾಕರಿ ಬಿಡಿ ಅಂದಿದ್ದರು. ನಮ್ಮಲ್ಲಿ 1973ರ ಬೂಸಾ ಗಲಾಟೆಯ ಬೆನ್ನಿಗೆ ಬೆಳೆದ ದಲಿತ ಸಂಘರ್ಷ ಸಮಿತಿ ಹಳ್ಳಿಹಳ್ಳಿಗೆ ಹೋಗಿ ಅದನ್ನೇ ಹೇಳಿತು: ಮೇಲುಜಾತಿಯವರ ಹೆಣದ ಮುಂದೆ ತಮಟೆ ಬಡೀಬೇಡಿ. ಎಷ್ಟೋ ಕಡೆ ತಮಟೆ ಗೋಡೆಯ ಮೊಳೆಗೆ ಏರಿತು. ಅದಕ್ಕೆ ಉತ್ತರವಾಗಿ ಕೂಲಿ ನಿಂತಿತು, ಬಹಿಷ್ಕಾರ ಬಂತು. ಹಾಡೋಕೆ ಒಪ್ಪಿ ದೊಡ್ಡವರಾದ ಮೇಳಗಳ ಹೆಸರು ಎಲ್ಲರಿಗೂ ಗೊತ್ತು. ಬಡಿಯಲಾರೆ ಅಂದು ದೊಡ್ಡವರಾದವರ ಪಟ್ಟಿಯನ್ನು ಬರೆದವರು ಯಾರು?

ಆದರೆ ಅದೇ ಚಳವಳಿಗೆ ಜನರನ್ನು ಕರೆಯಲು ಒಂದು ಸದ್ದು ಬೇಕಿತ್ತು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದದ್ದು 1975ರಲ್ಲಿ, ಸಮುದಾಯದ ಜಾಥಾ ಹೊರಟದ್ದು 1979ರಲ್ಲಿ. ಜನ್ನಿ, ಪಿಚ್ಚಳ್ಳಿ ಶ್ರೀನಿವಾಸ, ಗೊಲ್ಲಹಳ್ಳಿ ಶಿವಪ್ರಸಾದ್ ಹಾಡಿದ ಹೋರಾಟದ ಹಾಡುಗಳು ಕೇರಿಕೇರಿಗೆ ಹೋದವು. ಮೊಳೆಯಿಂದ ಇಳಿದ ತಮಟೆ ಮೆರವಣಿಗೆಯ ಮುಂದೆ ನಿಂತಿತು. ಚರ್ಮ ಅದೇ, ಗತ್ತು ಅದೇ. ಕರೆದವರು ಮಾತ್ರ ಬೇರೆ. ಈ ಸಲ ಕರೆದವರು ನಾವೇ.

ನಮ್ಮ ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ ಹುಟ್ಟಿದ ಡಿ. ಆರ್. ನಾಗರಾಜ್ 1993ರ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಈ ಗಂಟನ್ನೇ ಬಿಚ್ಚಲು ನೋಡಿದರು. ಅವಮಾನವನ್ನು ತೊರೆಯುವ ಭರದಲ್ಲಿ ದಲಿತರು ತಮ್ಮ ಸಂಸ್ಕೃತಿಯ ನೆನಪನ್ನೂ ತೊರೆದುಬಿಡಬಾರದು ಎಂಬುದು ಅವರ ಕಳಕಳಿ. ಅದು ನಮ್ಮ ಕಳಕಳಿಯೂ ಹೌದು.

ದೂರದ ಅಮೆರಿಕದಲ್ಲೂ ಇದೇ ಕಥೆ. 1871ರಲ್ಲಿ ನ್ಯಾಶ್‌ವಿಲ್‌ನ ಫಿಸ್ಕ್ ಶಾಲೆಯ ಕರಿಯ ವಿದ್ಯಾರ್ಥಿಗಳ ಮೇಳವೊಂದು ಶಾಲೆಗೆ ಹಣ ಕೂಡಿಸಲು ಊರೂರು ಹೊರಟಿತು. ಅವರಲ್ಲಿ ಹೆಚ್ಚಿನವರು ಗುಲಾಮರಾಗಿ ಹುಟ್ಟಿದವರು. ಹೆತ್ತವರ ಗುಲಾಮಗಿರಿಯ ಹಾಡುಗಳನ್ನು ಪರರ ಮುಂದೆ ಹಾಡಲು ಮೊದಮೊದಲು ಅವರಿಗೆ ಸಂಕೋಚ. ಕೊನೆಗೆ ಆ ಹಾಡುಗಳೇ ಶಾಲೆಯನ್ನು ಉಳಿಸಿದವು. ಆ ಹಣದಲ್ಲಿ ಎದ್ದ ಜುಬಿಲಿ ಹಾಲ್ 1876ರಲ್ಲಿ ತೆರೆಯಿತು. ಅವಮಾನದ ಹಾಡು ಅಕ್ಷರದ ಮನೆಯಾಯಿತು.

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ನಮಗೆ ಹಿಗ್ಗು. ಆದರೆ ಪದಕ ಒಂದು ಎದೆಗೆ ಬಂದ ಮಾತ್ರಕ್ಕೆ ಗುಡಿಯ ಹೊಸಿಲು ಎಲ್ಲರಿಗೂ ತೆರೆಯುವುದಿಲ್ಲ.

ಆದ್ದರಿಂದ ನಮ್ಮ ಅಳತೆಗೋಲು ಬೇರೆ. ಬೇಡ ಅನ್ನುವ ಹಕ್ಕು ಯಾವ ಮೇಳಕ್ಕಿದೆ? ಯಾವ ಮೇಳ ಬಡಿದರೆ ಜನ ಮನೆಯಿಂದ ಹೊರಗೆ ಬರುತ್ತಾರೆ? ಬಡಿದು ದಣಿದವನಿಗೆ ಲೋಟದಲ್ಲಿ ನೀರು ಸಿಗುತ್ತದೆಯೇ? ಈ ಮೂರನ್ನೂ ದಾಟಿದ ಮೇಳವೇ ದೊಡ್ಡದು.

ಹಳ್ಳಿಯ ಮೇಷ್ಟರುಗಳಲ್ಲಿ ಒಂದು ಕೋರಿಕೆ. ನಿಮ್ಮೂರಿನ ಕೇರಿಯಲ್ಲಿ ಬಡಿದವರ, ಬಡಿಯಲಾರೆ ಅಂದವರ ಹೆಸರುಗಳನ್ನು ಮಕ್ಕಳ ಕೈಲಿ ಬರೆಸಿ. ಆ ಪಟ್ಟಿ ಮುಗಿಯಲಿ; ಯಾವುದು ದೊಡ್ಡದು ಅಂತ ಆಮೇಲೆ ಜಗಳ ಆಡೋಣ.