ಮೂಳೆಯ ನೆರಳಿನ ಲೆಕ್ಕ

1895ರ ಡಿಸೆಂಬರ್ 22ರಂದು ಜರ್ಮನಿಯ ರಾಂಟ್‌ಜನ್ ತಮ್ಮ ಪತ್ನಿಯ ಕೈಯ ಎಕ್ಸ್-ರೇ ಚಿತ್ರ ತೆಗೆದರು. ಮೂಳೆ, ಉಂಗುರಗಳ ನೆರಳು ಮೂಡಿತು. ಮಾಂಸ ದಾಟುವ ಕಿರಣವನ್ನು ಮೂಳೆ ತಡೆಯುವುದೇಕೆ? ಆಗಿನ್ನೂ ಎಲೆಕ್ಟ್ರಾನ್ ಕೂಡ ಪತ್ತೆಯಾಗಿರಲಿಲ್ಲ.

ನಾನು ವಿಜ್ಞಾನ ಪಾಠದಲ್ಲಿ ಕರಿಹಲಗೆಯ ಮೇಲೆ ಬರೆಯುತ್ತಿದ್ದ ಲೆಕ್ಕವಿದು: ಪರಮಾಣುಗಳು ಕಿರಣವನ್ನು ಹೀರಿ ಎಲೆಕ್ಟ್ರಾನನ್ನು ಹೊರದೂಡುವ ಪ್ರಮಾಣ, ಸಮತೂಕಕ್ಕೆ, ಹೆಚ್ಚುಕಡಿಮೆ ಪರಮಾಣು ಸಂಖ್ಯೆಯ ಘನದಂತೆ ಏರುತ್ತದೆ. ಮಾಂಸದಲ್ಲಿ ಹೇರಳವಾಗಿರುವ ಆಮ್ಲಜನಕದ ಸಂಖ್ಯೆ 8. ಮೂಳೆಯ ಕ್ಯಾಲ್ಸಿಯಂನದು 20. ಎರಡೂವರೆ ಪಟ್ಟು. ಅದರ ಘನ ಹದಿನೈದಕ್ಕೂ ಮಿಕ್ಕಿದ್ದು!

ಈ ಸಂಖ್ಯೆಗೆ ಭೌತಿಕ ಅರ್ಥ ತಂದುಕೊಟ್ಟವರು ಇಂಗ್ಲೆಂಡಿನ ಮೋಸ್ಲಿ. ಧಾತುಗಳು ಸೂಸುವ ಎಕ್ಸ್-ಕಿರಣದ ಆವೃತ್ತಿಯ ವರ್ಗಮೂಲ ಮೆಟ್ಟಿಲಿನಂತೆ ಸಮನಾಗಿ ಏರುವುದನ್ನು 1913ರಲ್ಲಿ ಕಂಡರು. 1915ರಲ್ಲಿ ಗೆಲಿಪೊಲಿ ಯುದ್ಧದಲ್ಲಿ ಗುಂಡಿಗೆ ಬಲಿಯಾದಾಗ ಅವರಿಗೆ ಬರೀ 27 ವರ್ಷ. ಅದೇ ಮಹಾಯುದ್ಧದಲ್ಲಿ, ಫ್ರಾನ್ಸಿನಲ್ಲಿ, ಮೇರಿ ಕ್ಯೂರಿ ಎಕ್ಸ್-ರೇ ವಾಹನಗಳೊಡನೆ ಓಡಾಡಿ ಸೈನಿಕರ ಮೈಯೊಳಗಿನ ಗುಂಡು ಪತ್ತೆಮಾಡುತ್ತಿದ್ದರು.