ಬಳಸುವವರು ಒಳಗೆ ಬಂದದ್ದು ಯಾವಾಗ?

ಮೊಬೈಲ್ ಆ್ಯಪ್ ತಯಾರಿಕೆಯ ಯಾವ ಕೈಪಿಡಿ ತೆರೆದರೂ ಒಂದೇ ಪಟ್ಟಿ ಸಿಗುತ್ತದೆ: ಕಲ್ಪನೆ, ಮಾರುಕಟ್ಟೆಯ ಅಧ್ಯಯನ, ಪರದೆಗಳ ಕರಡು, ವಿನ್ಯಾಸ, ಕೋಡ್, ಪರೀಕ್ಷೆ, ಬಿಡುಗಡೆ. ಈ ಪಟ್ಟಿ ಹಳೆಯದು. ಆದರೆ ಆ್ಯಪನ್ನು ಕೊನೆಗೆ ಬಳಸಬೇಕಾದ ಮನುಷ್ಯ ಇದರಲ್ಲಿ ಎಷ್ಟನೆಯ ಹೆಜ್ಜೆಗೆ ಬಂದು ಸೇರುತ್ತಾನೆ ಎಂಬುದು ಮಾತ್ರ ಕಾಲಕಾಲಕ್ಕೆ ಬದಲಾಗುತ್ತಲೇ ಬಂದಿದೆ. ಈ ಕ್ಷೇತ್ರದ ಚರಿತ್ರೆಯನ್ನು ಹಾಗೆ ಓದುವುದೇ ವಾಸಿ ಎಂದು ನನಗೆ ತೋರುತ್ತದೆ.

ವಿಚಿತ್ರವೆಂದರೆ, ಆರಂಭದಲ್ಲಿ ಆತ ಮೊದಲ ಹೆಜ್ಜೆಯಲ್ಲೇ ಇದ್ದ. 1990ರ ದಶಕದ ನಡುವೆ, ಪಾಮ್ ಪೈಲಟ್ ಎಂಬ ಕೈಗಣಕ ಇನ್ನೂ ಯೋಚನೆಯಲ್ಲಿದ್ದಾಗ, ಪಾಮ್ ಕಂಪನಿಯ ಸ್ಥಾಪಕ ಜೆಫ್ ಹಾಕಿನ್ಸ್ ಅಂಗಿ ಜೇಬಿಗೆ ಹಿಡಿಸುವ ಅಳತೆಯಲ್ಲಿ ಮರದ ತುಂಡೊಂದನ್ನು ಕತ್ತರಿಸಿಕೊಂಡರು. ಊಟದ ಕಡ್ಡಿಯನ್ನು ಕೆತ್ತಿ ಲೇಖನಿ ಮಾಡಿಕೊಂಡರು. ಪರದೆಯ ಚಿತ್ರಗಳನ್ನು ಕಾಗದದಲ್ಲಿ ಮುದ್ರಿಸಿ ಅದರ ಮೇಲೆ ಅಂಟಿಸಿದರು. ಯಾರಾದರೂ ಭೇಟಿಗೆ ಸಮಯ ಕೇಳಿದರೆ ಮರವನ್ನು ಹೊರತೆಗೆದು, ಕಡ್ಡಿಯಿಂದ ತಟ್ಟಿ, ದಿನಚರಿ ನೋಡಿದಂತೆ ಮಾಡಿ ಉತ್ತರ ಕೊಡುತ್ತಿದ್ದರು. ಎದುರಿದ್ದವರು ಏನಂದುಕೊಂಡರೋ! ಜೇಬಿನಿಂದ ಇದನ್ನು ಯಾವುದಕ್ಕೆ ತೆಗೆಯುತ್ತೇವೆ, ಎಷ್ಟು ಬೇಗ ಕೆಲಸ ಮುಗಿಯಬೇಕು ಎಂಬ ಪ್ರಶ್ನೆಗಳಿಗೆ ಒಂದು ಸಾಲು ಕೋಡ್ ಇಲ್ಲದೆ ಉತ್ತರ ಸಿಕ್ಕಿತು. ಪರದೆಗಳ ಹೊಣೆ ಹೊತ್ತ ರಾಬ್ ಹೈಟಾನಿ ಒಂದೊಂದು ಕೆಲಸಕ್ಕೂ ಎಷ್ಟು ಸಲ ತಟ್ಟಬೇಕೆಂದು ಎಣಿಸುತ್ತಿದ್ದರು. 1996ರಲ್ಲಿ ಪೈಲಟ್ ಮಾರುಕಟ್ಟೆಗೆ ಬಂತು, ಗೆದ್ದಿತು.

ಆಮೇಲಿನ ಜಾವಾ ಫೋನುಗಳ ಕಾಲದಲ್ಲಿ ಈ ಪಾಠ ಮರೆತೇಹೋಯಿತು. ಹಲವು ನೋಕಿಯಾ ಫೋನುಗಳಲ್ಲಿ ಇಡೀ ಆಟ 64 ಕಿಲೋಬೈಟಿನೊಳಗೆ ಅಡಗಬೇಕಿತ್ತು. ಫೋನಿಗೊಂದು ಪರದೆ, ಫೋನಿಗೊಂದು ಕೀಲಿಮಣೆ. ಯೋಜನೆಯೆಂದರೆ ಒಂದೇ ಆಟವನ್ನು ನೂರಾರು ಹ್ಯಾಂಡ್‌ಸೆಟ್‌ಗಳಿಗೆ ಒಗ್ಗಿಸುವ ವೇಳಾಪಟ್ಟಿ. ಯಾವ ಆಟ ಜನರಿಗೆ ಕಾಣಬೇಕು ಎಂಬುದನ್ನು ಟೆಲಿಕಾಂ ಕಂಪನಿ ತೀರ್ಮಾನಿಸುತ್ತಿತ್ತು. ದುಡ್ಡಿನ ದೊಡ್ಡ ಪಾಲೂ ಅದಕ್ಕೇ.

2007ರಲ್ಲಿ ಐಫೋನ್ ಬಂದಾಗ ಹೊರಗಿನವರ ಆ್ಯಪ್‌ಗಳಿಗೆ ಅದರಲ್ಲಿ ಜಾಗವಿರಲಿಲ್ಲ. ಬೇಕಾದರೆ ವೆಬ್ ಪುಟ ಮಾಡಿಕೊಳ್ಳಿ ಎಂದಿದ್ದರು ಸ್ಟೀವ್ ಜಾಬ್ಸ್. ಮರುವರ್ಷ ಜುಲೈ 10ರಂದು ಸುಮಾರು 500 ಆ್ಯಪ್‌ಗಳೊಂದಿಗೆ ಆ್ಯಪ್ ಸ್ಟೋರ್ ಬಾಗಿಲು ತೆರೆಯಿತು. ಅದೇ ಅಕ್ಟೋಬರಿನಲ್ಲಿ ಆಂಡ್ರಾಯ್ಡ್ ಮಾರ್ಕೆಟ್ ಶುರುವಾಯಿತು. ಒಬ್ಬಂಟಿ ಪ್ರೋಗ್ರಾಮರ್ ಕೂಡ ಈಗ ನೇರವಾಗಿ ಮಾರಬಹುದಿತ್ತು, ಬೆಲೆಯಲ್ಲಿ ಶೇ. 70 ಅವನದೇ. ಬಳಕೆದಾರನೂ ಮಾತಾಡತೊಡಗಿದ, ಆದರೆ ಬಿಡುಗಡೆಯ ನಂತರ, ನಕ್ಷತ್ರಗಳ ಮೂಲಕ. ಒಂದು ನಕ್ಷತ್ರ ಕೊಟ್ಟು 'ತೆರೆಯುವುದೇ ಇಲ್ಲ' ಎಂದು ಬರೆದವನಿಗೆ ಹೆದರಿ ರಾತ್ರಿಯಿಡೀ ಕೂತು ದುರಸ್ತಿ ಮಾಡಿದವರು ಎಷ್ಟು ಮಂದಿಯೋ. ಬೆರಳಿನ ವ್ಯಾಕರಣವೂ ಆ ವರ್ಷಗಳಲ್ಲೇ ಹುಟ್ಟಿತು. ಪಟ್ಟಿಯನ್ನು ಕೆಳಗೆ ಎಳೆದು ಬಿಟ್ಟರೆ ಹೊಸದು ಬರುತ್ತದಲ್ಲ, ಅದು ಲೋರೆನ್ ಬ್ರಿಕ್ಟರ್ ಟ್ವೀಟಿ ಎಂಬ ಆ್ಯಪಿಗೆ ಮಾಡಿದ ಉಪಾಯ. ಬಟನ್ ಎಷ್ಟು ದೊಡ್ಡದಿರಬೇಕೆಂಬುದಕ್ಕೂ ಕಟ್ಟಳೆ ಬಂತು: ಆ್ಯಪಲ್ ಪ್ರಕಾರ 44 ಪಾಯಿಂಟ್, ಆಂಡ್ರಾಯ್ಡ್ ಹೇಳುವುದು ಸುಮಾರು 9 ಮಿಲಿಮೀಟರ್. ಪುಟಕ್ಕೆ ಚರ್ಮದ ಹೊಲಿಗೆ, ಕಪಾಟಿಗೆ ಮರದ ಬಣ್ಣ ಬಳಿಯುವ ಶೈಲಿ 2013ರ ಐಓಎಸ್ 7ರೊಂದಿಗೆ ಮುಗಿಯಿತು. ಮರುವರ್ಷ ಗೂಗಲ್ ತನ್ನ ವಿನ್ಯಾಸದ ಕಟ್ಟಳೆಗಳಾದ ಮೆಟೀರಿಯಲ್ ಡಿಸೈನ್ ತಂದಿತು. ಈ ಅಲಂಕಾರದ ಜಗಳ ಆಗ ಭಾರೀ ಸದ್ದು ಮಾಡಿತ್ತು. ಈಗ ನೋಡಿದರೆ ಅದಕ್ಕೆ ಅಷ್ಟು ಕಾಗದ ಖರ್ಚು ಮಾಡಬೇಕಿರಲಿಲ್ಲ.

2011ರಲ್ಲಿ ಎರಿಕ್ ರೀಸ್ ಅವರ ಪುಸ್ತಕ ಬಂದ ಮೇಲೆ 'ಕನಿಷ್ಠ ಉತ್ಪನ್ನ ಬಿಡು, ಅಳೆ, ಕಲಿ' ಎಂಬುದು ಸ್ಟಾರ್ಟಪ್‌ಗಳ ಮಂತ್ರವಾಯಿತು. ಬಳಕೆದಾರ ಅಂಕಿಯಾಗಿ ಒಳಗೆ ಬಂದ. ಅಂಕಿಗೊಂದು ಕುರುಡಿದೆ: ಬಂದವರು ಏನು ಮಾಡಿದರೆಂದು ಅದು ಹೇಳುತ್ತದೆ, ಬಾರದವರ ಸುದ್ದಿ ಅದಕ್ಕೆ ಗೊತ್ತಿಲ್ಲ. ಉದಾಹರಣೆಗೆ, ಆನ್‌ಲೈನಿನಲ್ಲಿ ಬಟ್ಟೆ ಮಾರುವ ಬೆಂಗಳೂರಿನ ಮಿಂತ್ರಾ 2015ರ ಮೇ ತಿಂಗಳಲ್ಲಿ ಜಾಲತಾಣ ಮುಚ್ಚಿ ಬರೀ ಆ್ಯಪ್ ಉಳಿಸಿಕೊಂಡಿತು. ಗಿರಾಕಿಗಳಲ್ಲಿ ಬಹುಪಾಲು ಫೋನಿನಿಂದಲೇ ಬರುತ್ತಾರೆ ಎಂಬುದು ಅದರ ಲೆಕ್ಕ. ಒಂದು ವರ್ಷ ಕಳೆದು, 2016ರ ಜೂನಿನಲ್ಲಿ, ಜಾಲತಾಣ ಮತ್ತೆ ತೆರೆಯಿತು.

ಆ ಹೊತ್ತಿಗೆ ಇನ್ನೊಂದು ದಾರಿ ಗಟ್ಟಿಯಾಗುತ್ತಿತ್ತು. ಗೂಗಲ್ ವೆಂಚರ್ಸ್‌ನಲ್ಲಿದ್ದ ಜೇಕ್ ನ್ಯಾಪ್ ರೂಪಿಸಿದ ಐದು ದಿನಗಳ 'ಸ್ಪ್ರಿಂಟ್' ಕ್ರಮದಲ್ಲಿ ಸೋಮವಾರ ಸಮಸ್ಯೆಯ ನಕ್ಷೆ, ಗುರುವಾರ ಹುಸಿ ಪರದೆಗಳು, ಶುಕ್ರವಾರ ಐದು ಜನರ ಕೈಗೆ ಕೊಟ್ಟು ಸುಮ್ಮನೆ ನೋಡುವುದು. ಐದೇ ಯಾಕೆ? ಮೊದಲ ಐವರಲ್ಲೇ ದೋಷಗಳ ಬಹುಪಾಲು ಬಯಲಾಗುತ್ತದೆ ಎಂದು ಜೇಕಬ್ ನೀಲ್ಸನ್ 2000ದಲ್ಲೇ ವಾದಿಸಿದ್ದರು. 2016ರಲ್ಲಿ ಎಲ್ಲರಿಗೂ ತೆರೆದ ವಿನ್ಯಾಸ ತಂತ್ರಾಂಶ ಫಿಗ್ಮಾ ಬಂದ ಮೇಲೆ ಹುಸಿ ಪರದೆ ಮಾಡುವುದು ಅರ್ಧ ದಿನದ ಕೆಲಸ. ವಿನ್ಯಾಸಕಿ, ಪ್ರೋಗ್ರಾಮರ್, ಮ್ಯಾನೇಜರ್ ಮೂವರೂ ಒಂದೇ ಕಡತದಲ್ಲಿ ಕೈಯಾಡಿಸಬಹುದು. ಹಾಕಿನ್ಸ್ ಮರದಲ್ಲಿ ಮಾಡಿದ್ದನ್ನು ಬ್ರೌಸರಿನಲ್ಲಿ ಮಾಡಿದರು, ಅಷ್ಟೆ.

ಆದರೆ ಆ ಹುಸಿ ಪರದೆಗಳ ತುಂಬ ಇಂಗ್ಲಿಷ್. ಕನ್ನಡ ಬರುವುದು ಎಲ್ಲ ಮುಗಿದ ಮೇಲೆ. ಇಂಗ್ಲಿಷಿನ ಎತ್ತರಕ್ಕೆ ಕೊರೆದಿಟ್ಟ ಬಟನ್ನಿನೊಳಗೆ 'ಸ್ವಾತಂತ್ರ್ಯ' ಕೂರಿಸಿ ನೋಡಿ, ಒತ್ತಿನ ಬಾಲ ಕತ್ತರಿಸಿಹೋಗಿರುತ್ತದೆ. ಆಂಡ್ರಾಯ್ಡ್‌ಗೆ ಕನ್ನಡ ಸರಿಯಾಗಿ ಒದಗಿದ್ದೇ 2012ರ ಜೆಲ್ಲಿ ಬೀನ್ ಆವೃತ್ತಿಯಿಂದ. ಅದಕ್ಕೂ ಹಿಂದೆ ಎಷ್ಟೋ ಫೋನುಗಳಲ್ಲಿ ಬರೀ ಚೌಕಗಳು. ಮೊದಲ ಕರಡಿನಲ್ಲೇ ಉದ್ದದ ಕನ್ನಡ ಪದ ಹಾಕಿ ಅಳೆಯುವ ತಂಡಗಳು ಇವತ್ತಿಗೂ ಅಪರೂಪ. ಇದಕ್ಕೆ ತಂತ್ರಜ್ಞಾನದ ಕೊರತೆ ಎಂದು ನೆಪ ಹೇಳುವಂತಿಲ್ಲ.

'ಬಳಕೆದಾರ' ಒಬ್ಬನೇ ಎಂದುಕೊಳ್ಳುವುದೂ ತಪ್ಪು. ಆಟೊ ಕರೆಸುವ ಆ್ಯಪ್‌ಗಳನ್ನು ಬಹುಕಾಲ ಪ್ರಯಾಣಿಕರ ಕಡೆಯಿಂದಲೇ ಯೋಚಿಸುತ್ತಿದ್ದರು. 2022ರಲ್ಲಿ ಬೆಂಗಳೂರಿನಲ್ಲಿ ಶುರುವಾದ ನಮ್ಮ ಯಾತ್ರಿಯ ಹಿಂದೆ ಜಸ್‌ಪೇ ಕಂಪನಿಯ ಜೊತೆ ಆಟೊ ಚಾಲಕರ ಸಂಘವೂ ನಿಂತಿತ್ತು. ಕಮಿಷನ್ ಬೇಡ ಎಂಬುದು ಚಾಲಕರ ಹಳೆಯ ಹಠ. ಬಾಡಿಗೆ ಪೂರ್ತಿ ಚಾಲಕನ ಕೈಗೇ ಹೋಗಬೇಕೆಂಬ ತೀರ್ಮಾನ ಆ್ಯಪಿನ ಬುಡದಲ್ಲೇ ಇತ್ತು. ಆ್ಯಪಿನ ಅತಿ ಮುಖ್ಯ ವಿನ್ಯಾಸ ಪರದೆಯಲ್ಲಿ ಕಾಣುವುದೇ ಇಲ್ಲ.

ಈಗ ಬೇಕಾದದ್ದನ್ನು ಮಾತಿನಲ್ಲಿ ವಿವರಿಸಿದರೆ ಎಐ ಪರದೆಯನ್ನೂ ಕೋಡನ್ನೂ ಬರೆದುಕೊಡುತ್ತಿದೆ. ಪಟ್ಟಿಯ ನಡುವಿನ ಹೆಜ್ಜೆಗಳು ಒಂದು ಸಂಜೆಗೆ ಕುಗ್ಗಿವೆ. ತಡೆ ಬಂದಿರುವುದು ಅಂಗಡಿಯ ಬಾಗಿಲಲ್ಲಿ. 2023ರ ನವೆಂಬರ್ ನಂತರ ಗೂಗಲ್ ಪ್ಲೇಯಲ್ಲಿ ವೈಯಕ್ತಿಕ ಖಾತೆ ತೆರೆದವರು ತಮ್ಮ ಆ್ಯಪನ್ನು ಕನಿಷ್ಠ 20 ಜನರ ಫೋನಿನಲ್ಲಿ ಸತತ 14 ದಿನ ಪರೀಕ್ಷೆಗೆ ಇಡಬೇಕು ಎಂಬ ನಿಯಮ ಬಂತು. ಮರುವರ್ಷ ಅದನ್ನು 12 ಜನಕ್ಕೆ ಇಳಿಸಿದರು. ಹೊಸಬರು ಹಾಸ್ಟೆಲ್ ಗೆಳೆಯರ, ಚಿಕ್ಕಮ್ಮನ ಮಕ್ಕಳ ಫೋನು ಹಿಡಿದು ಬೇಡುತ್ತಾರೆ. ನನ್ನದನ್ನು ನೀನು ಹಾಕಿಕೋ, ನಿನ್ನದನ್ನು ನಾನು ಎಂಬ ಕೊಡುಕೊಳ್ಳುವಿಕೆಯೂ ನಡೆದಿದೆ. ಪರೀಕ್ಷಿಸಿದವರು ಏನು ಹೇಳಿದರು, ಅದರಿಂದ ಏನು ಬದಲಿಸಿದಿರಿ ಎಂದು ಕೊನೆಯ ಅರ್ಜಿಯಲ್ಲಿ ಕೇಳುತ್ತಾರೆ. ಆ ಉತ್ತರವನ್ನೂ ಎಐ ಕೈಯಲ್ಲೇ ಬರೆಸುವವರಿದ್ದಾರೆ.