ಸಂಗೀತ ಚಿಕಿತ್ಸೆಯೂ ಸಮಾಜದ ಜೋಳಿಗೆಯೂ

ರೋಗದಿಂದ ಬಳಲಿದ ಜೀವವನ್ನು ಸಂತೈಸುವ ಶಕ್ತಿಯು ನಾದಕ್ಕುಂಟೆಂಬ ಮಾತು ಎಲ್ಲ ದೇಶಗಳಲ್ಲಿಯೂ ಪುರಾತನವಾದುದು. ಆದರೆ ಆ ನಾದವನ್ನು ರೋಗಿಯ ಹಾಸಿಗೆಯವರೆಗೆ ಕೊಂಡೊಯ್ಯುವ ವೆಚ್ಚವನ್ನು ಯಾರು ಹೊರಬೇಕೆಂಬ ವಿಚಾರವನ್ನು ಬಹುಕಾಲ ಯಾರೂ ಎತ್ತಲಿಲ್ಲ. ಔಷಧಕ್ಕೆ ಬೆಲೆ ತೆರುವವರುಂಟು, ವೈದ್ಯನಿಗೆ ದಕ್ಷಿಣೆ ಕೊಡುವವರುಂಟು. ಮಾತು ಬಾರದ ಮಗುವಿನ ಮುಂದೆ ಕುಳಿತು ಒಂದು ಗಳಿಗೆ ವಾದ್ಯ ನುಡಿಸಿದವನಿಗೆ ಕೊಡುವವರಾರು? ಆಂಗ್ಲದೇಶದಲ್ಲಿ ಈ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯುವದಕ್ಕೆ ನೂರು ವರ್ಷಗಳಿಗೂ ಮಿಕ್ಕಿದ ಕಾಲ ಹಿಡಿಯಿತು. ಆ ಕಥೆ ತಿಳಿಯತಕ್ಕದ್ದಾಗಿದೆ.

ಗಾನಸಭೆಯನ್ನು ನೆರೆಯಿಸಿ ಬಂದ ಹಣವನ್ನು ದೀನರಿಗೊಪ್ಪಿಸುವ ಪದ್ಧತಿಯೇನೋ ಆ ಸೀಮೆಯಲ್ಲಿ ಹಳೆಯದು. 1742ನೆಯ ಇಸವಿ ಏಪ್ರಿಲ್ 13ರಂದು ಐರ್ಲೆಂಡಿನ ಡಬ್ಲಿನ್ ಪಟ್ಟಣದಲ್ಲಿ ಹ್ಯಾಂಡೆಲನ ‘ಮೆಸ್ಸಾಯ’ ಎಂಬ ಮಹಾಗೀತಪ್ರಬಂಧವು ಮೊಟ್ಟಮೊದಲು ಹಾಡಲ್ಪಟ್ಟಿತು. ಜನಸಂದಣಿಗೆ ಸ್ಥಳ ಸಾಲಲಾರದೆಂದು ಸ್ತ್ರೀಯರು ಬಳೆಗಳನ್ನಿಟ್ಟು ಹೊಲಿದ ಅಗಲವಾದ ಲಂಗಗಳನ್ನುಡದೆಯೂ, ಪುರುಷರು ಸೊಂಟದ ಕತ್ತಿಯನ್ನು ಮನೆಯಲ್ಲಿಟ್ಟೂ ಬರಬೇಕೆಂದು ಮುಂಚಿತವಾಗಿಯೇ ಬಿನ್ನವಿಸಿಕೊಂಡಿದ್ದರು. ಅಂದು ಕೂಡಿದ ಸುಮಾರು 400 ಪೌಂಡು ಹಣವು ಎರಡು ಆತುರಾಲಯಗಳಿಗೂ, ಸಾಲ ತೀರಿಸಲಾರದೆ ಸೆರೆಯಲ್ಲಿದ್ದವರ ವಿಮೋಚನೆಗೂ ಹಂಚಲ್ಪಟ್ಟಿತು. 142 ಜನರು ಬಂಧಮುಕ್ತರಾದರು. ಇದು ದೊಡ್ಡ ಕಾರ್ಯವೇ ಸರಿ. ಆದರೂ ಆ ಗಾನವು ಆತುರಾಲಯದ ಹೊಸಿಲನ್ನು ದಾಟಲಿಲ್ಲ. ರೋಗಿಗೆ ತಲುಪಿದುದು ಹಣವೇ ಹೊರತು ಹಾಡಲ್ಲ.

ದಾದಿಯರ ಕಾರ್ಯಕ್ಕೆ ಶಾಸ್ತ್ರದ ರೂಪವನ್ನು ಕೊಟ್ಟ ಮಿಸ್ ಫ್ಲಾರೆನ್ಸ್ ನೈಟಿಂಗೇಲ್ ಇವರು 1859ರಲ್ಲಿ ಹೊರಡಿಸಿದ ಶುಶ್ರೂಷೆಯ ಗ್ರಂಥದಲ್ಲಿ ಈ ವಿಷಯವನ್ನು ಮುಟ್ಟಿದ್ದಾರೆ. ಮನುಷ್ಯಕಂಠ, ಊದುವ ವಾದ್ಯ, ತಂತಿವಾದ್ಯ ಇವುಗಳ ಎಡೆಬಿಡದ ನಾದವು ರೋಗಿಗೆ ಹಿತವೆಂದೂ, ಪಿಯಾನೋದಂತೆ ಸ್ವರಗಳು ಬಿಡಿಬಿಡಿಯಾಗಿ ಬೀಳುವ ವಾದ್ಯಗಳ ಪರಿಣಾಮವು ಇದಕ್ಕೆ ವಿರುದ್ಧವೆಂದೂ ಅವರ ಅಭಿಪ್ರಾಯವು. ಅದಕ್ಕಿಂತಲೂ ಗಮನಿಸತಕ್ಕ ಮಾತೆಂದರೆ, ಸಂಗೀತವು ಬಹಳ ದುಬಾರಿಯಾದುದರಿಂದ ಅದನ್ನು ಸರ್ವಸಾಮಾನ್ಯ ರೋಗಿಗಳಿಗೆ ಒದಗಿಸುವ ಯೋಚನೆಯೇ ಸಲ್ಲದೆಂದು ಅವರು ಬರೆದಿರುವದು. ರೋಗಿಗಳ ನಡುವೆಯೇ ಬದುಕು ಸವೆಸಿದ ಆ ಮಹಾಮಹಿಳೆಯು ಕಂಡ ಅಡ್ಡಿಯು ಶಾಸ್ತ್ರದ್ದಾಗಿರದೆ ಹಣದ್ದಾಗಿದ್ದಿತು.

ಆ ಅಡ್ಡಿಯನ್ನು ದಾಟಲು ಯತ್ನಿಸಿದವರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ದೇವಾಲಯದ ಪಾದ್ರಿ ಫ್ರೆಡರಿಕ್ ಹಾರ್ಫರ್ಡ್ ಇವರ ಹೆಸರು ಮೊದಲು ಬರುವದು. ಸಂಗೀತಗಾರರ ರಕ್ಷಕಿಯೆಂದು ಕ್ರಿಸ್ತೀಯರು ಭಾವಿಸುವ ಸಂತ ಸಿಸೀಲಿಯಳ ಹೆಸರಿನಲ್ಲಿ ಅವರು 1891ರಲ್ಲಿ ಒಂದು ಸಂಘವನ್ನು ಸ್ಥಾಪಿಸಿದರು. ಗಾಯಕರೂ ವಾದಕರೂ ಆತುರಾಲಯಗಳಿಗೆ ಹೋಗಿ ಮೆಲುದನಿಯಲ್ಲಿ ನುಡಿಸತಕ್ಕದ್ದು. ಮುಂದೆ ಒಂದೇ ಮಂದಿರದಲ್ಲಿ ಕುಳಿತು ನುಡಿಸಿದ ಸಂಗೀತವನ್ನು ಟೆಲಿಫೋನಿನ ತಂತಿಯ ಮೂಲಕ ಊರ ಆತುರಾಲಯಗಳಿಗೆಲ್ಲ ಮುಟ್ಟಿಸತಕ್ಕದ್ದು. ಆಕಾಶವಾಣಿಯು ಹುಟ್ಟುವ ಮುನ್ನವೇ ಇಂತಹ ಕಲ್ಪನೆಯು ಹೊಳೆದುದು ಸೋಜಿಗವಲ್ಲವೆ? ವೃದ್ಧೆಯಾಗಿದ್ದ ನೈಟಿಂಗೇಲ್ ಅವರೂ ಈ ಯೋಜನೆಯನ್ನು ಮೆಚ್ಚಿದರು. ಮೆಚ್ಚುಗೆ ಬಂದಿತು, ಹಣ ಬರಲಿಲ್ಲ. ಪಾದ್ರಿಗಳ ದೇಹಸ್ಥಿತಿಯೂ ಕೆಟ್ಟಿತು. ಸಂಘವು ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ದೊಡ್ಡವರ ಹೆಸರುಗಳು ಕಾರ್ಯದ ಬೆನ್ನಿಗಿದ್ದರೂ, ವರ್ಷವರ್ಷವೂ ಜೋಳಿಗೆ ಹಿಡಿದು ತಿರುಗುವ ಜನಸಮೂಹವು ಇಲ್ಲದಿದ್ದರೆ ಎಂತಹ ಸದಾಶಯವೂ ಒಣಗುವದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ಬೇಕಾಗಿಲ್ಲ.

ಎರಡು ಮಹಾಯುದ್ಧಗಳು ಈ ವಿದ್ಯೆಗೆ ಹೊಸ ಬಲವನ್ನು ತಂದವು. ಅಮೇರಿಕದಲ್ಲಿ ಗಾಯಾಳು ಸೈನಿಕರ ಆತುರಾಲಯಗಳಲ್ಲಿ ಸಂಗೀತಗಾರರು ನುಡಿಸಹತ್ತಿದ ಮೇಲೆ, ಬರಿಯ ಕಲಾವಿದನು ಸಾಲನು, ಶಿಕ್ಷಣ ಹೊಂದಿದ ಚಿಕಿತ್ಸಕನೇ ಬೇಕೆಂಬುದು ವೈದ್ಯರಿಗೆ ಮನವರಿಕೆಯಾಯಿತು. 1944ರಲ್ಲಿ ಮಿಷಿಗನ್ ವಿದ್ಯಾಪೀಠವೊಂದರಲ್ಲಿ ಮೊದಲ ಪದವಿಶಿಕ್ಷಣವೂ, 1950ರಲ್ಲಿ ರಾಷ್ಟ್ರೀಯ ಸಂಘವೂ ಆರಂಭವಾದವು. ಆಂಗ್ಲದೇಶದಲ್ಲಿ ಸೆಲ್ಲೋ ವಾದ್ಯದ ವಿದುಷಿ ಜೂಲಿಯೆಟ್ ಆಲ್ವಿನ್ ಇವರು 1958ರಲ್ಲಿ ಸಂಗೀತ ಚಿಕಿತ್ಸೆಗಾಗಿ ಸಂಘವನ್ನು ಕಟ್ಟಿದರು.

ಅದರ ಮರುವರ್ಷವೇ, ಅಂದರೆ 1959ರಲ್ಲಿ, ಅಮೇರಿಕದ ಸಂಗೀತರಚನಕಾರ ಪಾಲ್ ನಾರ್ಡಾಫ್ ಮತ್ತು ಆಂಗ್ಲ ಶಿಕ್ಷಕ ಕ್ಲೈವ್ ರಾಬಿನ್ಸ್ ಇವರು ವುಸ್ಟರ್‌ಷೈರ್ ಪ್ರಾಂತದ ಸನ್‌ಫೀಲ್ಡ್ ಎಂಬ ಮಕ್ಕಳ ಆಶ್ರಮದಲ್ಲಿ ಜೊತೆಯಾಗಿ ಕೆಲಸಕ್ಕೆ ತೊಡಗಿದರು. ಬುದ್ಧಿಯ ಬೆಳವಣಿಗೆ ಕುಂಠಿತವಾದ, ಮಾತಿಗೆ ಓಗೊಡದ, ತಮ್ಮೊಳಗೆ ತಾವೇ ಅಡಗಿದ ಮಕ್ಕಳೇ ಅವರ ಶಿಷ್ಯರು. ಅವರ ವಿಧಾನವು ಅತ್ಯಂತ ಸರಳವೂ ಅಷ್ಟೇ ಕಠಿಣವೂ ಆದುದು. ಮಗುವಿಗೆ ಪಾಠ ಹೇಳುವದಿಲ್ಲ. ಅದರ ಮುಂದೆ ಒಂದು ಮದ್ದಳೆ, ಒಂದು ಕಂಚಿನ ತಾಳವನ್ನಿಟ್ಟು ಕಾದು ಕೂಡ್ರುವರು. ಮಗು ಹೇಗೆ ಬಡಿಯುವದೋ ಆ ಬಡಿತದ ಗತಿಯನ್ನೇ ಹಿಡಿದು ಪಿಯಾನೋದ ಮೇಲೆ ಆ ಕ್ಷಣದಲ್ಲಿಯೇ ಸಂಗೀತವನ್ನು ಕಲ್ಪಿಸಿ ನುಡಿಸುವರು. ಮಗು ಅತ್ತರೆ ಆ ಅಳುವಿನ ಸ್ವರವನ್ನೇ ಶ್ರುತಿಯಾಗಿ ಇಟ್ಟುಕೊಳ್ಳುವರು. ತನ್ನ ಬಡಿತಕ್ಕೆ ಹೊರಗಿನಿಂದ ಯಾರೋ ಮರುನುಡಿಯುತ್ತಿರುವರೆಂಬ ಅರಿವು ಮಗುವಿನಲ್ಲಿ ಮೂಡುವದಕ್ಕೆ ಕೆಲವೊಮ್ಮೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಅದು ಮೂಡಿದ ದಿನ ಮಗು ಬಡಿತವನ್ನು ನಿಲ್ಲಿಸಿ ತಲೆಯೆತ್ತಿ ನೋಡುವದು. ಅಲ್ಲಿಂದ ಚಿಕಿತ್ಸೆ ಮೊದಲಾಗುವದು.

ವೆಚ್ಚದ ಮರ್ಮವೂ ಇಲ್ಲಿಯೇ ಇದೆ. ಒಂದು ಮಗುವಿಗೆ ಒಬ್ಬ, ಅನೇಕವೇಳೆ ಇಬ್ಬರು ಚಿಕಿತ್ಸಕರು, ಪ್ರತ್ಯೇಕವಾದ ಕೋಣೆ, ಒಡೆದರೂ ಚಿಂತೆಯಿಲ್ಲದಂತಹ ವಾದ್ಯಗಳು, ಇದೆಲ್ಲ ವಾರವಾರವೂ ನಡೆಯಬೇಕು. ಗುಂಪಿಗೆ ಒಟ್ಟಾಗಿ ಬಡಿಸುವ ಅಡಿಗೆ ಇದಲ್ಲ. ಫಿಲಡೆಲ್ಫಿಯಾ ನಗರದಲ್ಲಿ 1962ರಿಂದ 1967ರವರೆಗೆ ಅಮೇರಿಕದ ಸರಕಾರದ ಸಹಾಯಧನದಿಂದ ಈ ಜೋಡಿಯ ಕಾರ್ಯವು ಸಾಂಗವಾಗಿ ನಡೆಯಿತು. ಆದರೆ ಅಂತಹ ಸಹಾಯಧನಕ್ಕೆ ಅವಧಿಯೆಂಬುದುಂಟು, ಮಗುವಿನ ಅಗತ್ಯಕ್ಕೆ ಅವಧಿಯಿಲ್ಲ.

ಈ ಇಬ್ಬರ ಕಾರ್ಯದಿಂದ ಪ್ರೇರಿತರಾದ ಸಿಬಿಲ್ ಬೆರೆಸ್‌ಫರ್ಡ್-ಪಿಯರ್ಸ್ ಎಂಬ ಮಹಿಳೆಯು ಲಂಡನ್ನಿನ ಗೋಲ್ಡಿ ಲೀ ಆತುರಾಲಯದಲ್ಲಿ 1974ರಲ್ಲಿ ಚಿಕಿತ್ಸಕರ ಶಿಕ್ಷಣವರ್ಗವನ್ನು ತೆರೆದರು. ಇದಕ್ಕೆ ಬೆಂಬಲವಾಗಿ ನಿಂತವರು ಯಾರೆಂದು ಕೇಳಿದರೆ ವಾಚಕರಿಗೆ ನಗೆ ಬಂದೀತು. ಅವರು ಆ ಕಾಲದ ಅಬ್ಬರದ ರಾಕ್ ಸಂಗೀತದ ವ್ಯಾಪಾರಿಗಳು, ವ್ಯವಸ್ಥಾಪಕರು, ಗಾಯಕರು. 1976ರಿಂದ ಅವರು ವರ್ಷಕ್ಕೊಮ್ಮೆ ಲಂಡನ್ನಿನಲ್ಲಿ ಭೋಜನಸಭೆಯನ್ನು ಕೂಡಿಸಿ, ಒಬ್ಬ ಕಲಾವಿದನಿಗೆ ಅಥವಾ ಒಂದು ಮೇಳಕ್ಕೆ ‘ಸಿಲ್ವರ್ ಕ್ಲೆಫ್’ ಎಂಬ ಬೆಳ್ಳಿಯ ಸ್ವರಚಿಹ್ನೆಯನ್ನಿತ್ತು ಗೌರವಿಸಹತ್ತಿದರು. ಬಂದವರು ಪಂಕ್ತಿಯಲ್ಲಿ ಸ್ಥಳವನ್ನು ಹಣಕೊಟ್ಟು ಪಡೆಯಬೇಕು. ದಾನವಾಗಿ ಬಂದ ವಸ್ತುಗಳನ್ನು ಅಲ್ಲಿಯೇ ಸವಾಲು ಕೂಗಿ ಮಾರುವರು. ಬಂದುದೆಲ್ಲವೂ ಸಂಗೀತ ಚಿಕಿತ್ಸೆಗೆ. ಮೊದಲ ವರ್ಷ ಈ ಗೌರವವು ‘ದ ಹೂ’ ಎಂಬ ಮೇಳಕ್ಕೆ ಸಂದಿತು. ರಂಗದ ಮೇಲೆಯೇ ಗಿಟಾರುಗಳನ್ನು ನೆಲಕ್ಕಪ್ಪಳಿಸಿ ಮುರಿಯುವದರಿಂದ ಹೆಸರಾಗಿದ್ದ ಮೇಳವದು! ಮೂಕಮಕ್ಕಳ ಕೈಗೆ ವಾದ್ಯವನ್ನೀಯುವ ಕಾರ್ಯದ ಮೊದಲ ಮನ್ನಣೆ ಅವರಿಗೇ ಬಂದಿತು. ಗೌರವವನ್ನು ಹೊಂದಿದವನು ಕಾರ್ಯಕ್ಕೆ ಋಣಿಯಾಗುವನೆಂಬ ಲೋಕರೀತಿಯನ್ನು ಈ ವ್ಯಾಪಾರಿಗಳು ಚೆನ್ನಾಗಿ ಅರಿತಿದ್ದರೆಂದು ತೋರುವದು.

ಆ ಋಣವು 1990ನೆಯ ಇಸವಿ ಜೂನ್ 30ರಂದು ಸಲ್ಲಿಸಲ್ಪಟ್ಟಿತು. ಹರ್ಟ್‌ಫರ್ಡ್‌ಷೈರಿನ ನೆಬ್‌ವರ್ತ್ ಬಯಲಿನಲ್ಲಿ, ಹಿಂದೆ ಬೆಳ್ಳಿಯ ಚಿಹ್ನೆಯನ್ನು ಪಡೆದವರೇ ಒಂದೇ ದಿನ ಒಂದೇ ರಂಗವನ್ನೇರಿದರು: ಪಾಲ್ ಮೆಕಾರ್ಟ್ನಿ, ಎಲ್ಟನ್ ಜಾನ್, ಎರಿಕ್ ಕ್ಲಾಪ್ಟನ್, ಕ್ಲಿಫ್ ರಿಚರ್ಡ್, ಕೊನೆಯಲ್ಲಿ ಪಿಂಕ್ ಫ್ಲಾಯ್ಡ್ ಮೇಳ. ಸುಮಾರು 1,20,000 ಜನರು ನೆರೆದಿದ್ದರು. ಮಳೆ ಸುರಿದರೂ ಕದಲಲಿಲ್ಲ. ನಮ್ಮ ದೊಡ್ಡ ಜಾತ್ರೆಗಳನ್ನು ಕಂಡವರಿಗೆ ಆ ನೋಟವನ್ನು ವರ್ಣಿಸುವ ಅಗತ್ಯವಿಲ್ಲ. ಹಣವು ನಾರ್ಡಾಫ್-ರಾಬಿನ್ಸ್ ಚಿಕಿತ್ಸಾಕಾರ್ಯಕ್ಕೂ, ಕ್ರಾಯ್ಡನ್ನಿನಲ್ಲಿ ಆಗ ತಲೆಯೆತ್ತುತ್ತಿದ್ದ ಕಲಾಶಾಲೆಯೊಂದಕ್ಕೂ ಹೋಯಿತು. 1991ರಲ್ಲಿ ಉತ್ತರ ಲಂಡನ್ನಿನಲ್ಲಿ ಚಿಕಿತ್ಸೆಗೂ ಶಿಕ್ಷಣಕ್ಕೂ ಒಂದು ಸ್ವಂತ ಕೇಂದ್ರವು ತೆರೆಯಿತು. ಹಾರ್ಫರ್ಡ್ ಪಾದ್ರಿಗಳ ಸಂಘವು ಹುಟ್ಟಿ ಸರಿಯಾಗಿ ನೂರು ವರ್ಷಗಳಾಗಿದ್ದವು.

ಯುದ್ಧದಲ್ಲಿ ನೊಂದ ಮಕ್ಕಳಿಗೂ ಇಂತಹ ಸಭೆಗಳ ಫಲವು ಮುಟ್ಟಿದೆ. ಬೋಸ್ನಿಯಾದ ಕಲಹಕಾಲದಲ್ಲಿ, 1995ರ ಸಪ್ಟೆಂಬರಿನಲ್ಲಿ, ಇಟಲಿಯ ಮಹಾಗಾಯಕ ಪವರೊಟ್ಟಿ ತನ್ನ ಹುಟ್ಟೂರಾದ ಮೊಡೆನಾದಲ್ಲಿ ಗೆಳೆಯ ಗಾಯಕರನ್ನು ಕೂಡಿಸಿ ಹಾಡಿದನು. ಅದರ ಫಲವಾಗಿ ಮೋಸ್ತಾರ್ ನಗರದಲ್ಲಿ ಅವನ ಹೆಸರಿನ ಸಂಗೀತಕೇಂದ್ರವು 1997ರ ಡಿಸೆಂಬರಿನಲ್ಲಿ ತೆರೆಯಿತು. ಸೇತುವೆ ಮುರಿದು ನದಿಯ ಎರಡು ದಡಗಳ ಜನರು ಒಬ್ಬರನ್ನೊಬ್ಬರು ನೋಡಲಾರದಂತಾಗಿದ್ದ ಊರದು. ಅಲ್ಲಿ ಸಂಗೀತಶಾಲೆಯ ಜೊತೆಗೆ ಚಿಕಿತ್ಸೆಯ ವಿಭಾಗವನ್ನೂ ಇಟ್ಟು, ಗುಂಡಿನ ಸದ್ದಿಗೆ ಬೆದರಿದ ಕಿವಿಗಳಿಗೆ ಬೇರೆಯ ಸದ್ದನ್ನು ಕೇಳಿಸಿದರು.

ಪ್ರಸಿದ್ಧರ ಸಭೆಗಳೇ ಎಲ್ಲವೂ ಆಗಿರಲಿಲ್ಲ. ಕ್ರಿಸ್ತಜಯಂತಿಯ ಸಮಯದ ಗಾನಸಭೆಗಳು, ಲಂಡನ್ನಿನ ದೀರ್ಘ ಓಟದಲ್ಲಿ ಹೆಜ್ಜೆಗಿಷ್ಟೆಂದು ನೆರೆಹೊರೆಯವರಿಂದ ವಾಗ್ದಾನ ಪಡೆದು ಓಡುವವರು, ಇವರ ಪುಡಿಗಾಸೂ ಅದೇ ಜೋಳಿಗೆಗೆ ಬಿದ್ದಿತು. ಇಪ್ಪತ್ತನೆಯ ಶತಮಾನದ ಕೊನೆಗೆ ಆಂಗ್ಲ ಸರಕಾರವು ಸಂಗೀತ ಚಿಕಿತ್ಸಕರನ್ನು ಕಾಯಿದೆಯ ಮೇರೆಗೆ ನೋಂದಾಯಿತ ವೃತ್ತಿಯವರೆಂದು ಒಪ್ಪಿತು. ಪದವಿಗೆ ಮಾನ್ಯತೆ ಬಂದಿತಾದರೂ ಪ್ರತಿಯೊಂದು ಮಗುವಿನ ವೆಚ್ಚಕ್ಕೆ ಬೊಕ್ಕಸವು ತೆರೆಯಲಿಲ್ಲ. ಸಾಂಕ್ರಾಮಿಕದ ದೆಸೆಯಿಂದ ಜನರು ಒಂದೆಡೆ ಸೇರುವದೇ ನಿಷಿದ್ಧವಾದ 2020ನೆಯ ಇಸವಿಯಲ್ಲಿ ಇದು ಎಲ್ಲರಿಗೂ ತಿಳಿದುಬಂದಿತು: ಸಭಾಮಂದಿರಗಳಿಗೆ ಬೀಗ ಬಿದ್ದಾಗ ಮದ್ದಳೆಯ ಮುಂದೆ ಕುಳಿತ ಮಗುವಿನ ಕೋಣೆಗೂ ಬೀಗ ಬಿದ್ದಿತು, ಚಿಕಿತ್ಸಕರು ಮನೆಯಲ್ಲಿ ಕುಳಿತು ಗಣಕಯಂತ್ರದ ತೆರೆಯ ಮೂಲಕ, ದೂರದಲ್ಲಿದ್ದ ಮಕ್ಕಳ ಬಡಿತಕ್ಕೆ ಮರುನುಡಿಯಲು ಯತ್ನಿಸಿದರು.